ಅಳಿಸಿದ ವಾಕ್ಯ

ಅಂದು ತಾನು ತಲೆ ಆಡಿಸಿದೆನೋ ಇಲ್ಲವೋ. ಬಾಯಿಯಿಂದ ಆಡಿದ ಮಾತುಗಳೆಲ್ಲ ಲಾಯ್ಡ್‌ಗೆ ನೆನಪಿದ್ದವು, ಆಡಿದ ಕ್ರಮದಲ್ಲೇ. ಅವುಗಳಲ್ಲಿ ಸುಳ್ಳು ಒಂದೂ ಇರಲಿಲ್ಲ ಎಂಬುದನ್ನು ಅವನು ಮತ್ತೆ ಮತ್ತೆ ತಿರುವಿ ನೋಡಿ ಖಚಿತ ಮಾಡಿಕೊಂಡಿದ್ದ. ಆದರೆ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಶಾರ್ಲೆಟ್ ‘ಹಾಗಾದರೆ ತೊಂದರೆ ಇಲ್ಲ, ಅಲ್ವಾ?’ ಎಂದು ಕೇಳಿದಾಗ ತನ್ನ ತಲೆ ಏನು ಮಾಡಿತು ಎಂಬುದು ಮಾತ್ರ ನೆನಪಿಗೆ ಬರುತ್ತಿರಲಿಲ್ಲ. ಹೌದು ಎನ್ನುವುದಕ್ಕೂ, ಕೇಳಿಸಿತು ಎನ್ನುವುದಕ್ಕೂ, ಇನ್ನು ಸಾಕು ಎನ್ನುವುದಕ್ಕೂ ಒಂದೇ ರೀತಿ ಅಲುಗುವ ಈ ಕಡೆಯ ಜನರ ಕುತ್ತಿಗೆಯನ್ನು ಯಾರು ತಾನೇ ಸಾಕ್ಷಿಗೆ ಕರೆದಾರು? ಅಲೆವೂರಿನ ಬಾಡಿಗೆ ಕೋಣೆಯಲ್ಲಿ, ಕನ್ನಡಿಯ ಮುಂದೆ ಮುಖಕ್ಕೆ ಸಾಬೂನು ಹಚ್ಚಿಕೊಂಡು ನಿಂತು, ಅವನು ಆ ಪ್ರಶ್ನೆಯನ್ನು ಅವಳ ಧ್ವನಿಯಲ್ಲೇ ಮನಸ್ಸಿನೊಳಗೆ ಕೇಳಿಸಿಕೊಂಡು, ತಲೆಯನ್ನು ಅದರ ಪಾಡಿಗೆ ಬಿಟ್ಟು ನೋಡಿದ. ತಲೆ ಅಲುಗಿತು. ತಾನು ನೋಡುತ್ತಿದ್ದೇನೆ ಎಂದು ಅಲುಗಿತೋ, ಅಂದೂ ಹೀಗೆಯೇ ಅಲುಗಿತ್ತೋ. ಸಾಬೂನು ಒಣಗಿ ಕೆನ್ನೆ ಬಿಗಿಯತೊಡಗಿತು.

ಹಿಂದಿನ ಸಂಜೆ ಅವಳ ಫೋನು ಬಂದಿತ್ತು. ‘ನಾಳೆ ಅತ್ತೂರಿನ ಇಗರ್ಜಿಗೆ ಹೋಗಿ ಒಂದು ಮೇಣದಬತ್ತಿ ಹಚ್ಚಿ ಬರಬೇಕು ಅಂತ ಉಂಟು. ಮಮ್ಮಿಗೆ ಬಸ್ಸು ಆಗುವುದಿಲ್ಲ, ಮೊಣಕಾಲು. ನಿನಗೆ ಪುರುಸೊತ್ತು ಉಂಟಾ?’ ಅವಳು ಮಾತು ಮುಗಿಸುವ ಮೊದಲೇ ಅವನು ಉಂಟು ಎಂದಿದ್ದ. ಎಂದ ಮೇಲೆ ಆ ಅವಸರಕ್ಕೆ ನಾಚಿದ್ದ. ಅವಳ ಧ್ವನಿಯಲ್ಲಿ ಅತ್ತ ಗುರುತು ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು ಎಂದುಕೊಂಡ. ಅಳುವವರ ಮುಂದೆ ಏನಾದರೊಂದು ಹೇಳಬಹುದು.

ಗುರುವಾರ ದೂರದ ಒಂದು ದ್ವೀಪದೇಶ ತನ್ನ ನಾಣ್ಯಕ್ಕೆ ಇಷ್ಟು ವರ್ಷ ತಾನೇ ನಿಗದಿ ಮಾಡಿಕೊಂಡು ಬಂದಿದ್ದ ಡಾಲರ್ ದರವನ್ನು ಕೈಬಿಟ್ಟಿತ್ತು. ಮರುದಿನ ಬೆಳಗಾಗುವಾಗ ನಾಣ್ಯದ ಬೆಲೆ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಹೊರದೇಶಕ್ಕೆ ಹಣ ಕಳುಹಿಸುವುದನ್ನು ಅಲ್ಲಿನ ಬ್ಯಾಂಕುಗಳು ನಿಲ್ಲಿಸಿದ್ದವು. ಉಡುಪಿಯ ಪತ್ರಿಕೆಯ ಒಳಪುಟದಲ್ಲಿ, ಯಕ್ಷಗಾನ ಮೇಳಗಳ ಇಂದಿನ ಆಟದ ಪಟ್ಟಿಯ ಪಕ್ಕದಲ್ಲಿ, ಅದು ನಾಲ್ಕು ಸಾಲಿನ ಸುದ್ದಿಯಾಗಿತ್ತು: ಅಂತರರಾಷ್ಟ್ರೀಯ ಸಾಲಕ್ಕೆ ದಾರಿ ಸುಗಮ. ಶಾರ್ಲೆಟ್‌ಗೆ ನಿಶ್ಚಯವಾಗಿದ್ದ ಹುಡುಗ, ಉಚ್ಚಿಲದ ಕಾರ್ಲ್, ಆ ದೇಶದ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಬಡ್ಡಿ ಹೆಚ್ಚು ಎಂದು ದುಡಿದದ್ದನ್ನೆಲ್ಲ ಅಲ್ಲಿನ ಬ್ಯಾಂಕಿನಲ್ಲಿ, ಅಲ್ಲಿನ ನಾಣ್ಯದಲ್ಲೇ ಇಟ್ಟಿದ್ದ. ಈಸ್ಟರ್ ಕಳೆದ ಮೇಲೆ ಮದುವೆ. ಕಾಪುವಿನಲ್ಲಿ ಗುರುತು ಹಾಕಿದ ಜಾಗದಲ್ಲಿ ಹೊಸ ಮನೆಯ ಪಂಚಾಂಗ. ಎಲ್ಲವೂ ಆ ಹಣದ ಮೇಲೆ ನಿಂತಿತ್ತು.

ಲಾಯ್ಡ್‌ಗೆ ಅದು ಗುರುವಾರ ತಿಳಿದ ಸುದ್ದಿಯಲ್ಲ. ಮಣಿಪಾಲದಲ್ಲಿ ಅವನು ಕೆಲಸ ಮಾಡುವ ಕಂಪನಿ, ದೇಶಗಳಿಗೆ ಸಾಲ ಕೊಟ್ಟು ನೆಟ್ಟಗೆ ನಿಲ್ಲಿಸುವ ಒಂದು ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಯ ವರದಿಗಳನ್ನು ಅಚ್ಚಿಗೆ ಸಿದ್ಧಪಡಿಸುತ್ತಿತ್ತು. ಕೋಷ್ಟಕಗಳ ಮೊತ್ತ ಸರಿಯಿದೆಯೇ, ಹಿಂದಿನ ವರ್ಷ ‘ದುರ್ಬಲ’ ಎಂದದ್ದನ್ನು ಈ ವರ್ಷ ‘ಸವಾಲಿನ’ ಎಂದಿದ್ದಾರೆಯೇ, ಇಂಥವನ್ನು ನೋಡುವುದು ಅವನ ಕೆಲಸ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು: ಮೊದಲೇ ಹೊರಬಿದ್ದರೆ ಜನ ಬ್ಯಾಂಕಿಗೆ ಓಡಿ ಹೋಗುವಂಥ ವಾಕ್ಯಗಳನ್ನು ಹಳದಿ ಬಣ್ಣದಲ್ಲಿ ಗುರುತು ಮಾಡಿ, ಪ್ರಕಟಣೆಯ ಪ್ರತಿಯಿಂದ ತೆಗೆದು, ತೆಗೆದದ್ದು ಗೊತ್ತಾಗದಂತೆ ಅಲ್ಲಿಗೊಂದು ಬೇರೆ ವಾಕ್ಯ ಸೂಚಿಸುವುದು. ‘ನಾವು ಬರೆಯುವವರಲ್ಲ ಮಾರಾಯ, ಅಳಿಸುವವರು,’ ಎಂದು ಪಕ್ಕದ ಮೇಜಿನ ರೋಹಿತ್ ನಗುತ್ತಿದ್ದ. ‘ನಾವು ಇಲ್ಲದಿದ್ದರೆ ಪ್ರಪಂಚ ಬಿದ್ದೇ ಹೋಗುತ್ತದೆ. ಸಂಬಳ ಮಾತ್ರ ಬೀಳುತ್ತಾನೇ ಇಲ್ಲ.’ ಲಾಯ್ಡ್‌ಗೆ ಆ ಕೆಲಸದ ಬಗ್ಗೆ ಒಂದು ಗುಪ್ತವಾದ ಗೌರವವಿತ್ತು. ಎಂ.ಎ. ಓದುವಾಗಿನಿಂದ ಇತ್ತು. ದೇಶವೊಂದರ ಖಜಾನೆಯಲ್ಲಿ ಡಾಲರು ಮುಗಿದು, ಮದ್ದಿನ ಹಡಗು ಬಂದರಿನ ಹೊರಗೇ ನಿಂತು, ಆಸ್ಪತ್ರೆಯವರು ಶಸ್ತ್ರಚಿಕಿತ್ಸೆಗಳನ್ನು ಮುಂದೂಡುವ ಕಾಲ ಬಂದಾಗ, ಬಾಗಿಲು ತಟ್ಟಲು ಒಂದು ಮನೆಯಾದರೂ ಇರಬೇಕಲ್ಲ. ಆ ಮನೆಯವರು ಮೆಲುದನಿಯಲ್ಲಿ ಮಾತಾಡುತ್ತಾರೆ, ಯಾಕೆಂದರೆ ಅವರು ಜೋರಾಗಿ ಆಡಿದ್ದೇ ನಿಜವಾಗಿಬಿಡುತ್ತದೆ. ಆ ಮೆಲುದನಿ ತನಗೆ ಹುಟ್ಟಿನಿಂದಲೇ ಬಂದದ್ದು ಎಂದು ಅವನಿಗೆ ಅನ್ನಿಸುತ್ತಿತ್ತು. ಹಾಗೆ ಒಂದು ಶುಕ್ರವಾರ ಮಧ್ಯಾಹ್ನ ಅವನ ಪರದೆಯ ಮೇಲೆ ಆ ವಾಕ್ಯ ಬಂದಿತ್ತು: ಈಸ್ಟರಿಗೆ ಮೊದಲೇ ವಿನಿಮಯ ದರವನ್ನು ಸಡಿಲಿಸಲು ಆ ದ್ವೀಪದ ಸರ್ಕಾರ ಒಪ್ಪಿದೆ ಎಂದು. ಈಸ್ಟರ್ ಎಂಬ ಮಾತು ಅದರಲ್ಲಿರಲಿಲ್ಲ, ತಿಂಗಳ ಹೆಸರಿತ್ತು, ಈಸ್ಟರ್ ಅವನೇ ಸೇರಿಸಿಕೊಂಡದ್ದು. ಅವನು ಅದನ್ನು ಹಳದಿ ಮಾಡಿದ. ಅಳಿಸಿದ. ಅಲ್ಲಿ ಬರೆದ: ಸ್ಥಿರತೆಯನ್ನು ಕಾಪಾಡಲು ಸರ್ಕಾರ ಬದ್ಧವಾಗಿದೆ; ಕೆಲವು ಒತ್ತಡಗಳಿದ್ದರೂ ಮಾತುಕತೆ ರಚನಾತ್ಮಕವಾಗಿ ಸಾಗಿದೆ. ಮೇಲಿನವರು ಅದನ್ನು ಒಂದಕ್ಷರ ಬದಲಿಸದೆ ಒಪ್ಪಿದರು. ಅವನಿಗೆ ಆಗ ಸಣ್ಣ ಹೆಮ್ಮೆಯೇ ಆಗಿತ್ತು.

ಕಾಪುವಿನಲ್ಲಿ ಅವರ ಮನೆಯ ಗೇಟಿನ ಹೊರಗೇ ಬರ್ತಾ ಆಂಟಿ ಕೈಯಲ್ಲಿ ಕೊಡೆ ಹಿಡಿದು ನಿಂತಿದ್ದರು, ಮಳೆಯೂ ಇಲ್ಲ, ಬಿಸಿಲೂ ಇನ್ನೂ ಏರಿಲ್ಲ. ಶಾರ್ಲೆಟ್‌ಳ ತಾಯಿ ಎಂದೂ ಯಾರನ್ನೂ ಒಳಗೆ ಕುಳಿತು ಕಾದವರಲ್ಲ. ‘ಬಾ ಪುತಾ. ವರ್ಲ್ಡ್ ಬ್ಯಾಂಕಿನವರಿಗೆ ಇನ್ನೂ ಇದೇ ಹಳೆ ಕಾರಾ? ನನ್ನ ಮೊಣಕಾಲಿನ ಹಾಗೆಯೇ ಶಬ್ದ ಮಾಡುತ್ತದೆ,’ ಎಂದು ಹಿಂದಿನ ಸೀಟಿನಲ್ಲಿ ಕಷ್ಟಪಟ್ಟು ಕುಳಿತರು. ತಾನು ಇರುವುದು ವರ್ಲ್ಡ್ ಬ್ಯಾಂಕಿನಲ್ಲಿ ಅಲ್ಲ, ಅದರ ಪಕ್ಕದ ಇನ್ನೊಂದು ಸಂಸ್ಥೆಯ ಕೆಲಸ ಮಾಡುವ ಮಣಿಪಾಲದ ಸಣ್ಣ ಕಂಪನಿಯಲ್ಲಿ ಎಂದು ಲಾಯ್ಡ್ ಮೊದಲು ಒಂದೆರಡು ಸಲ ಹೇಳಿದ್ದ. ಆಮೇಲೆ ಬಿಟ್ಟಿದ್ದ. ಇಗರ್ಜಿಯಲ್ಲಿ ವಾರ್ಡಿನ ಮುಖಂಡರಾದ ಗುರ್ಕಾರರು ಅವನನ್ನು ‘ನಮ್ಮ ವರ್ಲ್ಡ್ ಬ್ಯಾಂಕಿನ ಲಾಯ್ಡ್’ ಎಂದು ಪರಿಚಯಿಸುವಾಗ ಅವನು ನೆಲ ನೋಡುತ್ತಿದ್ದ, ಅದನ್ನು ಎಲ್ಲರೂ ವಿನಯ ಎಂದು ತಿಳಿಯುತ್ತಿದ್ದರು. ಅದು ವಿನಯವಲ್ಲ ಎಂದು ಅವನಿಗೆ ಗೊತ್ತಿತ್ತು. ಶಾರ್ಲೆಟ್ ಬಾಗಿಲಿಗೆ ಬೀಗ ಹಾಕಿ ಬಂದಳು. ಬನ್ನಂಜೆಯ ಕನ್ನಡಕದ ಅಂಗಡಿಗೆ ಹೋಗುವಾಗ ಉಡುವ ತಿಳಿನೀಲಿ ಸೀರೆ. ಮಧ್ಯಾಹ್ನದ ಮೇಲೆ ಕೆಲಸಕ್ಕೆ ಹೋಗಲಿಕ್ಕುಂಟು, ಬರುವಾಗ ಮಣಿಪಾಲದ ದಾರಿಯಾಗಿ ಬಂದು ಅಲ್ಲೇ ಇಳಿಸಿದರೆ ಆಯಿತು ಎಂದಳು. ಮುಂದಿನ ಸೀಟಿನಲ್ಲಿ ಕುಳಿತು ಅವನ ಮುಖ ನೋಡಿ, ‘ನಿನ್ನ ಕನ್ನಡಕ ವಾಲಿದೆ,’ ಎಂದಳು. ಅವನು ಅದನ್ನು ಬೆರಳಿನಿಂದ ಸರಿಪಡಿಸಿಕೊಂಡ. ಅದು ಮತ್ತೆ ವಾಲಿತು.

ಶಿರ್ವದ ದಾರಿಯಲ್ಲಿ ಗದ್ದೆಗಳು ಕೊಯ್ಲು ಮುಗಿದು ಬರಿದಾಗಿದ್ದವು. ಅವಳು ಮಾತಾಡಲಿಲ್ಲ, ಅವನೂ ಮಾತಾಡಲಿಲ್ಲ. ಧರ್ಮಶಿಕ್ಷಣದ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ಕಾಲದಿಂದಲೂ ಅವರಿಬ್ಬರ ನಡುವೆ ಇದ್ದದ್ದು ಹೆಚ್ಚಾಗಿ ಇದೇ. ಆ ಮೌನದಲ್ಲಿ ಅವಳೂ ಏನನ್ನೋ ಇಟ್ಟಿದ್ದಾಳೆ ಎಂದು ಅವನು ಎಷ್ಟೋ ವರ್ಷ ನಂಬಿದ್ದ. ಅವಳು ಸುಮ್ಮನಿದ್ದದ್ದು ಸುಮ್ಮನೆ ಇರುವುದು ಅವಳಿಗೆ ಇಷ್ಟವಾದ್ದರಿಂದ ಮಾತ್ರ ಎಂದು ತಿಳಿದದ್ದು ಕಾರ್ಲ್‌ನ ನಿಶ್ಚಯದ ಊಟಕ್ಕೆ ಕರೆಯಲು ಅವಳು ಬಂದ ದಿನ. ‘ನೀನು ಬರದಿದ್ದರೆ ನಾನು ಮಾತು ಬಿಡುತ್ತೇನೆ,’ ಎಂದಿದ್ದಳು, ಪೂರ್ಣ ಸ್ನೇಹದಿಂದ, ಅವನಿಗೆ ಬರಲಾಗದೆ ಇರಲು ಒಂದು ಕಾರಣ ಇರಬಹುದೆಂಬ ಸಂಶಯದ ಸುಳಿವೂ ಇಲ್ಲದೆ. ಅವನು ಹೋದ. ಕಾರ್ಲ್ ಅವನ ತಟ್ಟೆಗೆ ತಾನೇ ಬಡಿಸಿದ. ಒಳ್ಳೆಯ ಮನುಷ್ಯ. ದ್ವೇಷಿಸಲು ಒಂದು ಅಂಚನ್ನೂ ಕೊಡದ ಮನುಷ್ಯನ ಎದುರು ಕುಳಿತು ಲಾಯ್ಡ್ ಹಂದಿಮಾಂಸದ ತುಂಡೊಂದನ್ನು ನುಂಗಲಾರದೆ ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡಿದ್ದ.

ಮದುವೆಯ ಪ್ರಕಟಣೆಯನ್ನು ಇಗರ್ಜಿಯಲ್ಲಿ ಮೂರು ಆದಿತ್ಯವಾರ ಓದುತ್ತಾರೆ, ಪೂಜೆಯ ಕೊನೆಗೆ. ಇಂಥವರ ಮಗ ಇಂಥವ, ಇಂಥವರ ಮಗಳು ಇಂಥವಳು. ಈ ಮದುವೆಗೆ ಅಡ್ಡಿಯಾಗುವಂಥದ್ದು ಯಾರಿಗಾದರೂ ಗೊತ್ತಿದ್ದರೆ ಗುರುಗಳಿಗೆ ತಿಳಿಸಬೇಕು, ತಿಳಿದೂ ಸುಮ್ಮನಿರುವುದು ಸರಿಯಲ್ಲ. ಎಷ್ಟು ಮದುವೆಗಳಿಗೆ ಈ ಮಾತನ್ನು ಕೇಳಿ ಅವನು ಆಕಳಿಸಿದ್ದನೋ. ಶಾರ್ಲೆಟ್ ಮತ್ತು ಕಾರ್ಲ್‌ನ ಪ್ರಕಟಣೆಯ ಮೂರನೆಯ ಆದಿತ್ಯವಾರ, ಆ ವಾಕ್ಯವನ್ನು ಅಳಿಸಿ ಎರಡು ದಿನವಾಗಿದ್ದಾಗ, ಗುರುಗಳು ಓದಿ ಮುಗಿಸಿ ಕಾಗದ ಮಡಚುವ ಆ ಸ್ವಲ್ಪ ಹೊತ್ತಿನಲ್ಲಿ ಇಗರ್ಜಿಯೊಳಗಿನ ಫ್ಯಾನುಗಳೆಲ್ಲ ತನ್ನೊಬ್ಬನ ತಲೆಯ ಮೇಲೇ ತಿರುಗುತ್ತಿವೆ ಎನ್ನಿಸಿತು. ತನಗೆ ಗೊತ್ತಿರುವುದು ಅಡ್ಡಿಯೇ? ದೇವಶಾಸ್ತ್ರದಲ್ಲಿ ಅಲ್ಲ. ನಾಣ್ಯದ ಬೆಲೆ ಬೀಳುವುದು ರಕ್ತಸಂಬಂಧವೂ ಅಲ್ಲ, ಮೊದಲ ಹೆಂಡತಿಯೂ ಅಲ್ಲ. ಮುಂದಿನ ಸಾಲಿನಲ್ಲಿ ಅವಳ ತಲೆಯ ಮೇಲಿನ ಬಿಳಿ ಬಟ್ಟೆ ಫ್ಯಾನಿನ ಗಾಳಿಗೆ ಸ್ವಲ್ಪ ಎದ್ದು ಮತ್ತೆ ಕುಳಿತುಕೊಂಡಿತು. ಹಾಡು ಸುರುವಾಯಿತು. ಹೊರಗೆ ಬಂದಾಗ ಅವಳೇ ಅವನನ್ನು ಹುಡುಕಿಕೊಂಡು ಬಂದಳು. ‘ನಿನ್ನ ಹತ್ತಿರ ಒಂದು ಕೇಳಲಿಕ್ಕುಂಟು. ಕಾರ್ಲ್‌ನ ಹಣ ಅಲ್ಲೇ ಇರುವುದು. ಅಲ್ಲಿ ಎಂತದೋ ಡಾಲರ್ ಸಿಗುವುದಿಲ್ಲ ಅಂತ ಜನ ಮಾತಾಡುತ್ತಾರಂತೆ. ಈಸ್ಟರ್ ತನಕ ಇಟ್ಟರೆ ಬಡ್ಡಿ ಪೂರ್ತಿ ಸಿಗುತ್ತದೆ. ಇಡುವುದಾ, ತರುವುದಾ? ನಿನಗೆ ಇದೆಲ್ಲ ಗೊತ್ತಿರುತ್ತದಲ್ಲ.’ ಹೀಗೆ, ಸಾರಿಗೆ ಉಪ್ಪು ಸಾಕಾ ಎಂದು ಕೇಳುವ ಹಾಗೆ.

ಅವನು ಉತ್ತರ ಹುಡುಕಲಿಲ್ಲ. ಉತ್ತರ ಸಿದ್ಧವಾಗಿ ಬಾಯಲ್ಲಿತ್ತು. ಶುಕ್ರವಾರ ಇಂಗ್ಲಿಷಿನಲ್ಲಿ ತಾನೇ ಬರೆದ ವಾಕ್ಯ ಕೊಂಕಣಿಯಲ್ಲಿ ಹೊರಬಂತು: ಸರ್ಕಾರದವರು ಗಟ್ಟಿಯಾಗಿ ಇರುತ್ತೇವೆ ಅಂತ ಹೇಳಿದ್ದಾರೆ, ಸ್ವಲ್ಪ ಒತ್ತಡ ಉಂಟು, ಆದರೆ ಮಾತುಕತೆ ಒಳ್ಳೆಯದಾಗಿ ನಡೆಯುತ್ತಾ ಉಂಟು. ಇಂಗ್ಲಿಷಿನಲ್ಲಿ ಆ ವಾಕ್ಯಕ್ಕೆ ಒಂದು ತಣ್ಣಗಿನ ಹಿಂಬದಿಯಿತ್ತು; ಅದನ್ನು ಓದಲು ಕಲಿತವನು ಅದರ ನೆರಳನ್ನು ಓದಿ ಎಚ್ಚರಗೊಳ್ಳುತ್ತಿದ್ದ. ಆದರೆ ಮೆಟ್ಟಿಲ ಮೇಲೆ, ಬಿಸಿಲಿನಲ್ಲಿ, ಮನೆಯ ಮಾತಿನಲ್ಲಿ, ಅದಕ್ಕೆ ಹಿಂಬದಿಯೇ ಇರಲಿಲ್ಲ. ಅವಳ ಮುಖ ಅರಳಿತು. ‘ಹಾಗಾದರೆ ತೊಂದರೆ ಇಲ್ಲ, ಅಲ್ವಾ?’ ಆಗ ಅವನು ಅವಳನ್ನು ನೋಡಿದ. ಅವಳು ಸಂತೋಷದಲ್ಲಿ ಇಷ್ಟು ಹತ್ತಿರ ನಿಂತದ್ದು ಹಿಂದೆ ಎಂದಾದರೂ ಇತ್ತೇ. ಹೇಳಿದರೆ ಅವಳು ಕಾರ್ಲ್‌ಗೆ ಹೇಳುತ್ತಾಳೆ, ಕಾರ್ಲ್ ಅಡುಗೆಮನೆಯಲ್ಲಿರುವ ನಮ್ಮ ಊರಿನವರಿಗೆಲ್ಲ ಹೇಳುತ್ತಾನೆ, ಸೋಮವಾರ ಬೆಳಿಗ್ಗೆ ಬ್ಯಾಂಕಿನ ಮುಂದೆ ಸಾಲು ನಿಲ್ಲುತ್ತದೆ, ಸಾಲು ಕಂಡವರು ಇನ್ನೊಂದು ಸಾಲು ನಿಲ್ಲಿಸುತ್ತಾರೆ, ಮದ್ದಿನ ಹಡಗು ಹಿಂತಿರುಗುತ್ತದೆ. ಇದನ್ನು ಅವನು ಆಗಲೇ ಯೋಚಿಸಿದನೋ, ಆಮೇಲೆ ಅಲೆವೂರಿಗೆ ಮರಳುವಾಗ ಯೋಚಿಸಿದನೋ. ಅದರ ಅಡಿಯಲ್ಲಿ ಇನ್ನೊಂದು ಯೋಚನೆ ಇತ್ತು. ಕಾಪುವಿನ ಆ ಮನೆ, ಆ ಮದುವೆ ತಡವಾದರೆ ಎಂದು ಅದು ಸುರುವಾಗುತ್ತಿತ್ತು, ಅದರ ಮುಂದಿನ ಭಾಗವನ್ನು ಅವನು ಪ್ರತಿ ಸಲವೂ ಅಳಿಸುತ್ತಿದ್ದ. ಅಳಿಸುವುದರಲ್ಲಿ ಅವನ ಕೈ ಪಳಗಿತ್ತು.

ಬೆಳ್ಮಣ್ ದಾಟುವಾಗ ಅವಳ ಮಡಿಲಿನ ಫೋನು ಹಾಡತೊಡಗಿತು. ಕಾರ್ಲ್. ಅವಳು ಸ್ಪೀಕರಿಗೆ ಹಾಕಿದಳು. ‘ಎಲ್ಲಿದ್ದೀರಿ? ಕಾರಿನಲ್ಲಾ? ಓ ವರ್ಲ್ಡ್ ಬ್ಯಾಂಕ್! ಎಂತ ಮಾರಾಯ, ನನ್ನ ಹೆಂಡತಿಯನ್ನು ನೀನು ತಿರುಗಿಸುವುದಾ?’ ಅವನ ನಗು ಎಂದಿನಂತೆಯೇ ಇತ್ತು, ಸ್ವಲ್ಪ ತೆಳ್ಳಗಾಗಿತ್ತು ಅಷ್ಟೇ.

‘ಇನ್ನೂ ಹೆಂಡತಿ ಆಗಲಿಲ್ಲ,’ ಎಂದು ಹಿಂದಿನಿಂದ ಬರ್ತಾ ಆಂಟಿ ತಮಾಷೆಗೆ ಹೇಳಿದರು. ಅವರು ಜಪಮಾಲೆಯನ್ನು ಚೀಲದಿಂದ ತೆಗೆದು ಮತ್ತೆ ಒಳಗೆ ಹಾಕಿದರು.

‘ಲಾಯ್ಡ್, ನಿನಗೊಂದು ತಮಾಷೆ ಹೇಳುತ್ತೇನೆ,’ ಎಂದ ಕಾರ್ಲ್. ‘ಮೊನ್ನೆ ನಿಮ್ಮ ಸಂಸ್ಥೆಯವರೇ ಇರಬೇಕು, ಕೋಟು ಹಾಕಿದವರು ಬಂದು ನಮ್ಮ ರೆಸಾರ್ಟಿನಲ್ಲೇ ಊಟ ಮಾಡಿದ್ದು. ಮಂತ್ರಿಗಳೂ ಇದ್ದರು. ನಾನು ನಮ್ಮ ಊರಿನ ಮಸಾಲೆ ಹಾಕಿ ಮೀನು ಮಾಡಿ ಕೊಟ್ಟೆ, ತಟ್ಟೆಯಲ್ಲಿ ಒಂದು ಚೂರು ಬಿಡಲಿಲ್ಲ. ಒಬ್ಬ ಒಳಗೆ ಬಂದು ಕೈ ಕುಲುಕಿ ಹೋದ. ಇಷ್ಟು ಒಳ್ಳೆಯ ಜನ. ಹೊರಗೆ ಹೋಗಿ ಎಂತ ಸಹಿ ಹಾಕಿದರೋ ದೇವರಿಗೇ ಗೊತ್ತು.’ ಅವನು ಮತ್ತೆ ನಕ್ಕ. ‘ಆದರೂ ಹಡಗು ಬರುತ್ತಾ ಉಂಟು ಮಾರಾಯ. ಗ್ಯಾಸ್ ಉಂಟು, ಮದ್ದು ಉಂಟು. ಇಲ್ಲಿನವರು ಪಾಪ, ಇಷ್ಟು ದಿವಸ ತುಂಬಾ ಕಷ್ಟಪಟ್ಟರು. ಅದು ಒಳ್ಳೆಯದಾಯಿತು ಅಂತಲೇ ಹೇಳಬೇಕು.’ ಲಾಯ್ಡ್ ಏನೋ ಹೇಳಲು ಬಾಯಿ ತೆರೆದ, ಎದುರಿನಿಂದ ಬಸ್ಸು ಬಂತು, ಕಾರನ್ನು ರಸ್ತೆಯ ಅಂಚಿಗೆ ಇಳಿಸಿದ. ಬಸ್ಸು ಹೋದ ಮೇಲೆ ಕಾರನ್ನು ಮತ್ತೆ ರಸ್ತೆಗೆ ಹತ್ತಿಸಿದ. ‘ಶಾರ್ಲಿ,’ ಎಂದ ಕಾರ್ಲ್, ಧ್ವನಿ ತಗ್ಗಿಸಿ, ‘ಗುರುಗಳ ಹತ್ತಿರ ಹೇಳಿದೆಯಾ, ಮದುವೆ ಈಗ ಇಲ್ಲ ಅಂತ? ನನಗೆ ಇನ್ನು ಕೆಲವು ವರ್ಷ ಬೇಕು. ಕಾಯಬೇಕು ಅಂತ ನಾನು ಹೇಳುವುದಿಲ್ಲ. ಹೇಳಲಿಕ್ಕೆ ನನಗೆ ಮುಖ ಇಲ್ಲ.’ ಅವಳು ಸ್ಪೀಕರನ್ನು ಆರಿಸಿ ಫೋನನ್ನು ಕಿವಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು. ‘ಹಾಂ,’ ಎಂದಳು. ‘ಇಲ್ಲ,’ ಎಂದಳು. ‘ಊಟ ಮಾಡು,’ ಎಂದಳು.

ಅತ್ತೂರಿನಲ್ಲಿ ಜಾತ್ರೆಯ ಕಾಲವಲ್ಲದ ಬೆಳಗ್ಗಿನ ನಿಶ್ಶಬ್ದ. ಅಂಗಳದಲ್ಲಿ ಯಾರೋ ಗುಡಿಸುತ್ತಿದ್ದರು. ಬರ್ತಾ ಆಂಟಿ ಅಂಗಡಿಯಲ್ಲಿ ಮೇಣದಬತ್ತಿಗಳನ್ನು ಒಂದೊಂದಾಗಿ ಎತ್ತಿ, ಬಾಗಿದೆಯೋ ನೋಡಿ, ಉದ್ದದ್ದೊಂದನ್ನು ಆರಿಸಿ ಮಗಳ ಕೈಗೆ ಕೊಟ್ಟು, ‘ನನಗೆ ನಿಲ್ಲಲಿಕ್ಕೆ ಆಗುವುದಿಲ್ಲ, ನಾನು ಒಳಗೆ ಕೂತು ಹೇಳುತ್ತೇನೆ, ಸಂತ ಲಾರೆನ್ಸನಿಗೆ ಎಲ್ಲಿಂದ ಹೇಳಿದರೂ ಕೇಳುತ್ತದೆ,’ ಎಂದು ಹೋದರು. ಮೇಣದಬತ್ತಿ ಹಚ್ಚುವ ಜಾಗದಲ್ಲಿ ಕರಗಿ ಗಟ್ಟಿಯಾದ ಮೇಣ ಕಪ್ಪು ಬೂದು ಬಣ್ಣದಲ್ಲಿ ದಪ್ಪಗೆ ಕೂತಿತ್ತು, ಯಾರ್ಯಾರದೋ ಬೇಡಿಕೆಗಳು ಒಂದರೊಳಗೊಂದು ಸೇರಿ. ಶಾರ್ಲೆಟ್ ಬತ್ತಿಯನ್ನು ಹಚ್ಚದೆ ಕೈಯಲ್ಲೇ ಹಿಡಿದುಕೊಂಡು ನಿಂತಳು.

‘ನಿನಗೆ ಒಂದು ಹೇಳಬೇಕು. ಮಮ್ಮಿಗೂ ಹೇಳಲಿಲ್ಲ ನಾನು,’ ಎಂದಳು. ‘ಕಾರ್ಲ್ ಹಣ ತರುವುದು ಅಂತಲೇ ಇದ್ದ. ಆ ಆದಿತ್ಯವಾರ ಸಂಜೆ ಫೋನ್ ಮಾಡಿ ಹೇಳಿದ, ಬಡ್ಡಿ ಹೋದರೆ ಹೋಗಲಿ, ನನಗೆ ಯಾಕೋ ಹೆದರಿಕೆ ಆಗುತ್ತದೆ, ನಾಳೆ ಮುರಿಸಿ ಕಳುಹಿಸುತ್ತೇನೆ ಅಂತ. ನಾನೇ ಬೇಡ ಅಂದದ್ದು. ನೀನು ಸುಮ್ಮನೆ ಹೆದರುವುದು ಎಂತಕ್ಕೆ, ಲಾಯ್ಡ್‌ನ ಹತ್ತಿರ ಕೇಳಿದ್ದೇನೆ, ಈಸ್ಟರ್ ತನಕ ಇಡು, ಮೇಲಿನ ಬಡ್ಡಿಯಲ್ಲಿ ಅಡುಗೆಮನೆಗೆ ಕಪಾಟು ಮಾಡಿಸುವಾ ಅಂತ. ಕಪಾಟು, ಲಾಯ್ಡ್.’

ಗುಡಿಸುವ ಪೊರಕೆಯ ಶಬ್ದ ನಿಂತು ಮತ್ತೆ ಸುರುವಾಯಿತು.

‘ಅವನು ಈಗ ಒಂದು ಸಲವೂ ಅದನ್ನು ಎತ್ತಲಿಲ್ಲ. ಬೈದರೆ ಆಗುತ್ತಿತ್ತು. ನೀನು ಬೇಜಾರು ಮಾಡಬೇಡ, ನಿನ್ನದು ಎಂತ ತಪ್ಪು ಇಲ್ಲ. ನೀನು ಸರಿಯಾಗಿಯೇ ಹೇಳಿದ್ದೆ, ಒತ್ತಡ ಉಂಟು ಅಂತ ಹೇಳಿದ್ದೆ. ನಾನು ಅದನ್ನು ಕೇಳಲಿಲ್ಲ. ನನಗೆ ಬೇಕಾದದ್ದು ಮಾತ್ರ ಕೇಳಿಸಿಕೊಂಡೆ.’ ಅವಳು ಮೇಣದಬತ್ತಿಯ ದಾರವನ್ನು ಉಗುರಿನಿಂದ ನೆಟ್ಟಗೆ ಮಾಡುತ್ತಿದ್ದಳು. ‘ಒಂದು ಕೇಳುತ್ತೇನೆ. ಇಂಥದ್ದು ಯಾರಿಗಾದರೂ ಮೊದಲೇ ಗೊತ್ತಿರುತ್ತದಾ?’

‘ಕೆಲವರಿಗೆ ಇರುತ್ತದೆ,’ ಎಂದ ಅವನು.

‘ಅವರು ಮನೆಯವರಿಗಾದರೂ ಹೇಳುತ್ತಾರಾ?’

‘ಇಲ್ಲ. ಹೇಳಬಾರದು. ನಿಯಮ ಉಂಟು.’

‘ಹೌದಾ,’ ಎಂದಳು. ‘ಪಾಪ, ಅವರಿಗೂ ಕಷ್ಟವೇ.’

ಆ ಕ್ಷಣದಲ್ಲಿ ಯಾರೂ ಅಡ್ಡ ಬರಲಿಲ್ಲ. ಗಂಟೆ ಬಾರಿಸಲಿಲ್ಲ, ಫೋನು ಬರಲಿಲ್ಲ, ಆಂಟಿ ಒಳಗಿನಿಂದ ಕರೆಯಲಿಲ್ಲ. ಗುಡಿಸುವವನೂ ಆ ಕಡೆಯ ಅಂಚಿಗೆ ಹೋಗಿದ್ದ. ಒಂದು ವಾಕ್ಯಕ್ಕೆ ಬೇಕಾದಷ್ಟು ಹೊತ್ತು ಇತ್ತು, ಎರಡು ವಾಕ್ಯಕ್ಕೂ ಇತ್ತು. ಅವಳು ಹೊತ್ತುಕೊಂಡದ್ದು ಅವಳದ್ದಲ್ಲ. ಅದನ್ನು ಅವಳ ಕೈಯಿಂದ ತೆಗೆದುಕೊಳ್ಳಬಲ್ಲವನು ಈ ಊರಿನಲ್ಲಿ, ಪ್ರಾಯಶಃ ಈ ಜಗತ್ತಿನಲ್ಲಿ, ಅವನೊಬ್ಬನೇ. ತೆಗೆದುಕೊಂಡರೆ ಅವಳು ಅವನನ್ನು ಇನ್ನೊಮ್ಮೆ ಈ ಮುಖದಿಂದ ನೋಡುವುದಿಲ್ಲ. ಇಷ್ಟೇ. ಇದಕ್ಕಿಂತ ದೊಡ್ಡದೇನೂ ಆಗಲಿಕ್ಕಿಲ್ಲ. ಆದರೆ ಈ ಮುಖವೊಂದನ್ನು ಬಿಟ್ಟರೆ ತನಗೆ ಇದ್ದದ್ದು ಏನು ಎಂದು ಅವನು ಹುಡುಕಿದ. ಹುಡುಕುತ್ತಿರುವಾಗಲೇ ಅವನ ಧ್ವನಿ ಅವನಿಗೆ ಕೇಳಿಸಿತು. ‘ಆ ಕಡೆಯಿಂದ ಗಾಳಿ ಉಂಟು. ಈಚೆ ಬದಿಗೆ ಹಚ್ಚು.’

ಅವಳು ಈಚೆ ಬದಿಗೆ ಬಂದು ಹಚ್ಚಿದಳು. ಅವನು ಎರಡೂ ಕೈಗಳಿಂದ ಮರೆ ಮಾಡಿದ. ಬೆಂಕಿಯ ಬಿಸಿ ಅಂಗೈಗೆ ತಾಗಿದರೂ ಕೈ ತೆಗೆಯಲಿಲ್ಲ. ಇದು ಒಂದು ರೀತಿಯ ಶಿಕ್ಷೆ ಎಂದುಕೊಳ್ಳಲು ಹೊರಟವನಿಗೆ ಎಷ್ಟು ಅಗ್ಗದ ಶಿಕ್ಷೆ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಮರಳುವಾಗ ಕಾರ್ಕಳದಿಂದ ಹಿರಿಯಡಕದ ದಾರಿ ಹಿಡಿದರು. ಆಂಟಿ ಹಿಂದೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ಮಣಿಪಾಲದ ಸಿಗ್ನಲಿನಲ್ಲಿ, ತನ್ನ ಕಂಪನಿಯ ಕಟ್ಟಡದ ಗಾಜುಗಳು ಕಾಣುವಲ್ಲಿ, ಕಾರು ನಿಂತಾಗ ರೋಹಿತನ ಸಂದೇಶ ಬಂತು. ‘ದ್ವೀಪದ ವರದಿ ಇವತ್ತು ಹೊರಗೆ. ನೀನು ತೆಗೆದ ಆ ವಾಕ್ಯವನ್ನು ವಾಪಸ್ ಹಾಕಿದ್ದಾರೆ ಮಾರಾಯ, ಇನ್ನು ಗುಟ್ಟು ಎಂತ ಉಂಟು? ನಿನ್ನ ಕಷ್ಟ ಎಲ್ಲ ನೀರಿಗೆ.’ ಕೆಳಗೆ ನಗುವ ಮುಖದ ಚಿತ್ರ. ಲಾಯ್ಡ್ ಅದನ್ನು ಎರಡು ಸಲ ಓದಿದ. ಆ ವಾಕ್ಯ ಈಗ ಎಲ್ಲರದ್ದು; ಅದನ್ನು ಹೇಳಿದರೆ ಯಾವ ಹಡಗೂ ಹಿಂತಿರುಗುವುದಿಲ್ಲ, ಯಾವ ಬ್ಯಾಂಕಿನ ಮುಂದೆಯೂ ಸಾಲು ನಿಲ್ಲುವುದಿಲ್ಲ, ಅವನ ಕೆಲಸವೂ ಹೋಗುವುದಿಲ್ಲ. ಇಷ್ಟು ದಿನ ತಾನು ಹಿಂದೆ ಅಡಗಿ ನಿಂತಿದ್ದ ಗೋಡೆಯನ್ನು ಯಾರೋ ಸದ್ದಿಲ್ಲದೆ ತೆಗೆದುಕೊಂಡು ಹೋದಂತಾಯಿತು. ಆದರೂ ಅವನು ನಿಂತಲ್ಲೇ, ನಿಂತ ಭಂಗಿಯಲ್ಲೇ ಇದ್ದ. ಆ ದೇಶ ಉಳಿಯಿತು. ಅದು ಸುಳ್ಳಲ್ಲ. ಸ್ಥಿರತೆ ಮರಳಿತು ಎಂದು ಮುಂದಿನ ವರದಿ ಹೇಳುತ್ತದೆ, ಅದರ ಕೋಷ್ಟಕಗಳನ್ನು ಅವನೇ ಕೂಡಿಸಿ ನೋಡುತ್ತಾನೆ, ಮೊತ್ತ ಸರಿಯಿರುತ್ತದೆ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ‘ಹಸಿರು ಬಂತು,’ ಎಂದಳು ಶಾರ್ಲೆಟ್.

‘ನಾನು ಕಾಯುತ್ತೇನೆ,’ ಎಂದಳು ಆಮೇಲೆ, ಇಂದ್ರಾಳಿಯ ಹತ್ತಿರ, ಯಾರೂ ಏನೂ ಪ್ರಶ್ನೆ ಕೇಳದೆಯೇ. ‘ಅವನು ಬೇಡ ಅಂದರೂ ಕಾಯುತ್ತೇನೆ. ನಾನು ಮಾಡಿದ್ದಕ್ಕೆ ನಾನು ಅಷ್ಟಾದರೂ ಮಾಡಬೇಕಲ್ಲ.’

ಬನ್ನಂಜೆಯಲ್ಲಿ ಅಂಗಡಿಯ ಮುಂದೆ ಇಳಿದವಳು ಬಾಗಿಲು ಮುಚ್ಚದೆ ನಿಂತು, ‘ಒಳಗೆ ಬಾ,’ ಎಂದಳು. ‘ಬೆಳಿಗ್ಗೆಯಿಂದ ನೋಡುತ್ತಾ ಇದ್ದೇನೆ, ಆ ಕನ್ನಡಕ. ನನಗೆ ಕಣ್ಣಿಗೆ ಚುಚ್ಚುತ್ತದೆ.’

‘ಬೇಡ, ಆಂಟಿ ಮಲಗಿದ್ದಾರೆ.’

‘ಆಂಟಿ ಎಂತ ಮಲಗಲಿಲ್ಲ,’ ಎಂದು ಕಣ್ಣು ತೆರೆಯದೆಯೇ ಬರ್ತಾ ಆಂಟಿ ಹೇಳಿದರು. ‘ಹೋಗಿ ಬಾ ಪುತಾ. ವರ್ಲ್ಡ್ ಬ್ಯಾಂಕಿನವರು ವಾಲಿದ್ದು ಹಾಕಬಾರದು.’

ಒಳಗೆ ಎಸಿಯ ತಂಪು. ಗೋಡೆಯ ತುಂಬ ಮುಖವಿಲ್ಲದ ಕನ್ನಡಕಗಳು. ಅವಳು ಅವನ ಕನ್ನಡಕವನ್ನು ತೆಗೆದುಕೊಂಡಳು, ಅದರೊಂದಿಗೆ ಅಂಗಡಿಯ ಅಂಚುಗಳೂ ಅವಳ ಮುಖವೂ ಮಸುಕಾದವು. ಸಣ್ಣ ಪೆಟ್ಟಿಗೆಯಂಥ ಯಂತ್ರದ ಬಿಸಿಗಾಳಿಯಲ್ಲಿ ಕಡ್ಡಿಯನ್ನು ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ ಬಗ್ಗಿಸಿದಳು. ಹತ್ತಿರ ಬಂದು ಅವನ ಕಿವಿಗಳ ಮೇಲೆ ಕೂರಿಸಿದಳು. ಕಡ್ಡಿ ಇನ್ನೂ ಬೆಚ್ಚಗಿತ್ತು. ಎರಡೂ ಕೈಗಳಿಂದ ಅವನ ತಲೆಯನ್ನು ಹಿಡಿದು, ಎಡಕ್ಕೂ ಬಲಕ್ಕೂ ಸಮವಾಗಿದೆಯೇ ಎಂದು ನೇರ ಅವನ ಮುಖಕ್ಕೆ ನೋಡಿದಳು, ಯಾರ ಮುಖಕ್ಕಾದರೂ ನೋಡುವ ಹಾಗೆ. ಅವಳ ಬೆರಳಲ್ಲಿ ಮೇಣದ ವಾಸನೆ ಇತ್ತು.

‘ತಲೆ ಆಡಿಸಬೇಡ,’ ಎಂದಳು.

ಅವನು ಆಡಿಸಲಿಲ್ಲ.

‘ಈಗ ಸರಿ ಕಾಣುತ್ತದಾ?’

‘ಕಾಣುತ್ತದೆ,’ ಎಂದ. ಅವಳ ಕಣ್ಣಿನ ಕೆಳಗೆ ನಿದ್ದೆಯಿಲ್ಲದ ಕಪ್ಪು, ಹುಬ್ಬಿನ ಪಕ್ಕದ ಹಳೆಯ ಸಣ್ಣ ಗಾಯದ ಗುರುತು, ಎಲ್ಲವೂ ಕಂಡವು. ಅವಳು ಹಣ ಬೇಡ ಎಂದು ಕೈ ಬೀಸಿ, ಕಾದು ಕುಳಿತ ಗಿರಾಕಿಯೊಬ್ಬರ ಕಡೆಗೆ ತಿರುಗಿ, ಅದೇ ಧ್ವನಿಯಲ್ಲಿ ‘ಬನ್ನಿ, ಕೂತುಕೊಳ್ಳಿ’ ಎಂದಳು. ಅವನು ಹೊರಗೆ ಬಂದ. ಬಿಸಿಲಿನಲ್ಲಿ ಕಾರು ಕಾದಿತ್ತು; ಆಂಟಿ ಈಗ ನಿಜವಾಗಿ ಮಲಗಿದ್ದರು.

ಅವಳು ಕಾದಳು. ಆ ವರ್ಷದ ಈಸ್ಟರ್ ಹೋಯಿತು, ಮುಂದಿನದೂ ಹೋಯಿತು. ಆದಿತ್ಯವಾರಗಳಲ್ಲಿ ಅವನು ಅವಳನ್ನು ಇಗರ್ಜಿಯ ಮೆಟ್ಟಿಲ ಮೇಲೆ ಕಾಣುತ್ತಿದ್ದ, ಮಾತಾಡುತ್ತಿದ್ದ, ಒಮ್ಮೊಮ್ಮೆ ಅವಳು ನಗುತ್ತಿದ್ದಳು. ತನಗೆ ಮೊದಲೇ ಗೊತ್ತಿತ್ತು ಎಂದು ಲಾಯ್ಡ್ ಅವಳಿಗೆ ಎಂದೂ ಹೇಳಲಿಲ್ಲ.